ಡ್ಯಾಂಪರ್ ಬಿಚ್ಚೋಕೆ ಮುಂಚೆ ಒಂದು ಪ್ರಶ್ನೆ: ಹ್ಯಾಂಡಲ್ ನಡುಗ್ತಿರೋದು ಯಾಕೆ?

(ಪಾಡ್‌ಕಾಸ್ಟ್ ಸಂಚಿಕೆಯ ಲಿಖಿತ ರೂಪ)

 

ಇವತ್ತಿನ ವಿಷಯ ಕೇಳುಗರೊಬ್ಬರು ಕಳಿಸಿದ ಪ್ರಶ್ನೆಯಿಂದ ಬಂದಿದ್ದು. "ಬ್ರೋ, ನನ್ನ ಬೈಕ್‌ನ ಸ್ಟೀರಿಂಗ್ ಡ್ಯಾಂಪರ್ ಲೀಕ್ ಆಗ್ತಿದೆ. ಹೊಸದು ತಗೊಳ್ಳೋದಾ, ಇಲ್ಲಾ ಮನೇಲೇ ಬಿಚ್ಚಿ ಸೀಲ್ ಹಾಕ್ಬಹುದಾ?" ಇಷ್ಟೇ ಪ್ರಶ್ನೆ. ಉತ್ತರಾನೂ ಚಿಕ್ಕದೇ. ಬಿಚ್ಚೋಕೆ ಬರೋ ತರಹದ ಡ್ಯಾಂಪರ್ ಆಗಿದ್ರೆ ಮನೇಲೇ ಮಾಡ್ಬಹುದು, ಎರಡು ಸಂಜೆಯ ಕೆಲಸ. ಹೇಗೆ ಅಂತ ಇವತ್ತು ಪೂರ್ತಿ ಹೇಳ್ತೀನಿ. ಆದರೆ ಅದಕ್ಕಿಂತ ಮುಂಚೆ ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಆ ಡ್ಯಾಂಪರ್ ನಿಮ್ಮ ಗಾಡಿಯಲ್ಲಿ ಏನನ್ನ ತಡೀತಾ ಇತ್ತು?

ನಾನು ಬಿ.ಕಾಂ. ಓದಿದವನು, ಅದಕ್ಕೇ ಹೋಲಿಕೆಯೂ ಅಲ್ಲಿಂದಲೇ ಬರುತ್ತೆ. ಟ್ರಯಲ್ ಬ್ಯಾಲೆನ್ಸ್ ತಾಳೆ ಆಗದಿದ್ದಾಗ ಅಕೌಂಟೆಂಟ್ ಏನು ಮಾಡ್ತಾರೆ? ವ್ಯತ್ಯಾಸದ ಮೊತ್ತವನ್ನ ಸಸ್ಪೆನ್ಸ್ ಅಕೌಂಟ್ ಅಂತ ಒಂದು ಖಾತೆಗೆ ಹಾಕಿ, ಎರಡೂ ಕಡೆ ಸಮ ಮಾಡಿ ಮುಂದಕ್ಕೆ ಹೋಗ್ತಾರೆ. ತಪ್ಪು ಇನ್ನೂ ಪುಸ್ತಕದೊಳಗೇ ಇರುತ್ತೆ, ಕಣ್ಣಿಗೆ ಬೀಳಲ್ಲ ಅಷ್ಟೇ. ಒಳ್ಳೆ ಅಕೌಂಟೆಂಟ್ ಆಮೇಲೆ ಹುಡುಕಿ ಆ ಖಾತೆಯನ್ನ ಸೊನ್ನೆ ಮಾಡ್ತಾರೆ. ಸೋಮಾರಿ ಅಕೌಂಟೆಂಟ್ ವರ್ಷಗಟ್ಟಲೆ ಹಾಗೇ ಬಿಡ್ತಾರೆ. ಸ್ಟೀರಿಂಗ್ ಡ್ಯಾಂಪರ್ ಎಷ್ಟೋ ಗಾಡಿಗಳಲ್ಲಿ ಹೀಗೇ ಸಸ್ಪೆನ್ಸ್ ಅಕೌಂಟ್ ಆಗಿ ಕೂತಿರುತ್ತೆ.

ಡ್ಯಾಂಪರ್ ಮಾಡೋ ಕೆಲಸ ಏನು

ಗೊತ್ತಿಲ್ಲದವರಿಗಾಗಿ ಮೊದಲಿಂದ ಹೇಳ್ತೀನಿ. ಬೈಕ್‌ನ ಮುಂದಿನ ಟೈರ್ ನೆಲ ಮುಟ್ಟೋ ಜಾಗ, ಹ್ಯಾಂಡಲ್ ತಿರುಗೋ ಅಕ್ಷದ ಗೆರೆ ನೆಲ ಮುಟ್ಟೋ ಜಾಗಕ್ಕಿಂತ ಸ್ವಲ್ಪ ಹಿಂದಿರುತ್ತೆ. ಈ ಅಂತರಕ್ಕೆ ಟ್ರೇಲ್ ಅಂತಾರೆ. ಇದರಿಂದಲೇ ಚಕ್ರ ತಾನಾಗಿ ನೇರಕ್ಕೆ ಬರೋದು. ಸೂಪರ್ ಮಾರ್ಕೆಟ್‌ನ ತಳ್ಳುಗಾಡಿಯ ಚಿಕ್ಕ ಚಕ್ರ ನೆನಪು ಮಾಡ್ಕೊಳ್ಳಿ. ಅದೂ ಹಿಂದೆ ಎಳೆದುಕೊಂಡು ನೇರ ಆಗುತ್ತೆ, ಆದರೆ ಸ್ವಲ್ಪ ಜೋರಾಗಿ ತಳ್ಳಿದ್ರೆ ಪಟಪಟ ಅಂತ ಎಡಕ್ಕೂ ಬಲಕ್ಕೂ ಹೊಡ್ಕೊಳ್ಳುತ್ತೆ. ಬೈಕ್‌ನಲ್ಲೂ ಇದು ಆಗಬಹುದು. ರಸ್ತೆಯ ಉಬ್ಬೊಂದು ಚಕ್ರವನ್ನ ಪಕ್ಕಕ್ಕೆ ತಳ್ಳುತ್ತೆ, ಅದು ವಾಪಸ್ ಬರ್ತಾ ಮಧ್ಯದ ಗೆರೆ ದಾಟಿ ಆ ಕಡೆ ಹೋಗುತ್ತೆ, ಮತ್ತೆ ಈ ಕಡೆ. ಸೆಕೆಂಡಿಗೆ ಸುಮಾರು 4ರಿಂದ 10 ಸಲ. ಇದನ್ನ ವಾಬಲ್ ಅಂತಾರೆ. ಹೆಚ್ಚಾಗಿ ತಾನಾಗೇ ನಿಲ್ಲುತ್ತೆ. ನಿಲ್ಲದೆ ಬೆಳೀತಾ ಹೋದ್ರೆ ಹ್ಯಾಂಡಲ್ ಈ ಕೊನೆಯಿಂದ ಆ ಕೊನೆಗೆ ಹೊಡೆಯುತ್ತೆ. ಅದೇ ಟ್ಯಾಂಕ್ ಸ್ಲ್ಯಾಪರ್. ಆಗ ಕೈಬಲದಿಂದ ಹಿಡಿದು ನಿಲ್ಲಿಸ್ತೀನಿ ಅಂದ್ರೆ ಆಗಲ್ಲ, ಅಷ್ಟು ವೇಗಕ್ಕೆ ನಮ್ಮ ಕೈ ಸ್ಪಂದಿಸೋದೇ ಇಲ್ಲ.

ಡ್ಯಾಂಪರ್ ಈ ಹೊಡೆತದ ಶಕ್ತಿಯನ್ನ ಹೀರುತ್ತೆ. ಒಂದು ಸಿಲಿಂಡರ್, ಒಳಗೆ ಆಯಿಲ್, ಮಧ್ಯೆ ಒಂದು ಪಿಸ್ಟನ್, ಪಿಸ್ಟನ್‌ಗೆ ಹಿಡಿದ ರಾಡ್. ಸಿಲಿಂಡರ್ ಫ್ರೇಮ್‌ಗೆ, ರಾಡ್ ಫೋರ್ಕ್ ಕಡೆಗೆ, ಅಥವಾ ಇದರ ಉಲ್ಟಾ. ಹ್ಯಾಂಡಲ್ ತಿರುಗಿದಾಗ ಪಿಸ್ಟನ್ ಸರಿಯುತ್ತೆ, ಆಯಿಲ್ ಸಣ್ಣ ರಂಧ್ರದ ಮೂಲಕ ಈ ಕಡೆಯಿಂದ ಆ ಕಡೆಗೆ ನುಗ್ಗಬೇಕಾಗುತ್ತೆ. ನಿಧಾನಕ್ಕೆ ತಿರುಗಿಸಿದ್ರೆ ಸುಲಭವಾಗಿ ಹೋಗುತ್ತೆ, ಜೋರಾಗಿ ತಿರುಗಿಸಿದ್ರೆ ತಡೆ ಹೆಚ್ಚಾಗುತ್ತೆ. ಇದೇ ಅದರ ಗುಟ್ಟು. ನೀವು ತಿರುಗಿಸೋದು ನಿಧಾನ, ವಾಬಲ್ ಮಾತ್ರ ವೇಗ.

ನಮ್ಮಲ್ಲಿ ಇದಕ್ಕಿಂತ ಹಳೇ ಜಾತಿಯ ಡ್ಯಾಂಪರ್ ಇತ್ತು. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಹಳೆಯ ಜಾವಾಗಳನ್ನ ಹತ್ತಿರದಿಂದ ನೋಡಿದವರಿಗೆ ಗೊತ್ತಿರುತ್ತೆ, ಹ್ಯಾಂಡಲ್ ಮಧ್ಯೆ ಒಂದು ದಪ್ಪ ತಿರುಪು ಇರುತ್ತಿತ್ತು. ಹಳೇ ಬುಲೆಟ್‌ಗಳಲ್ಲೂ ಇತ್ತು. ಅದನ್ನ ಬಿಗಿ ಮಾಡಿದ್ರೆ ಕೆಳಗಿರೋ ಘರ್ಷಣೆಯ ಬಿಲ್ಲೆಗಳು ಒತ್ತಿಕೊಂಡು ಹ್ಯಾಂಡಲ್ ಬಿಗಿಯಾಗುತ್ತಿತ್ತು. ಅದರ ತೊಂದರೆ ಏನಂದ್ರೆ, ನಿಧಾನಕ್ಕೂ ಜೋರಿಗೂ ತಡೆ ಒಂದೇ. ಹೈಡ್ರಾಲಿಕ್ ಡ್ಯಾಂಪರ್ ಗೆದ್ದಿದ್ದು ಇಲ್ಲೇ.

ಎಲ್ಲ ನಡುಕಕ್ಕೂ ಇದು ಮದ್ದಲ್ಲ

1971ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ರಾಬಿನ್ ಶಾರ್ಪ್ ಬೈಕ್‌ನ ಸ್ಥಿರತೆಯನ್ನ ಗಣಿತದಲ್ಲಿ ಬಿಡಿಸಿ ಒಂದು ಪ್ರಬಂಧ ಬರೆದ್ರು. ಅದರಲ್ಲಿ ಅವರು ವಾಬಲ್ ಬೇರೆ, ವೀವ್ ಬೇರೆ ಅಂತ ವಿಂಗಡಿಸಿದ್ರು. ವಾಬಲ್ ಅಂದ್ರೆ ಮುಂದಿನ ಚಕ್ರ ಮತ್ತು ಹ್ಯಾಂಡಲ್ ಮಾತ್ರ ವೇಗವಾಗಿ ಅಲ್ಲಾಡೋದು. ವೀವ್ ಅಂದ್ರೆ ಇಡೀ ಗಾಡಿ, ಹಿಂಭಾಗವೂ ಸೇರಿ, ನಿಧಾನವಾಗಿ ಹಾವು ಹರಿದ ಹಾಗೆ ತೂಗಾಡೋದು. ಹೈವೇಯಲ್ಲಿ ಹಿಂದೆ ದೊಡ್ಡ ಟಾಪ್ ಬಾಕ್ಸ್, ಎರಡು ಕಡೆ ಬ್ಯಾಗ್ ಹೇರಿಕೊಂಡು ಜೋರಾಗಿ ಹೋದಾಗ ಬರೋದು ಸಾಮಾನ್ಯವಾಗಿ ಇದೇ.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದ್ರೆ, ಸ್ಟೀರಿಂಗ್ ಡ್ಯಾಂಪರ್ ವಾಬಲ್‌ನ ತಗ್ಗಿಸುತ್ತೆ, ಆದರೆ ಹೆಚ್ಚು ವೇಗದಲ್ಲಿ ವೀವ್‌ನ ಇನ್ನೂ ಕೆಡಿಸಬಹುದು. ವೀವ್ ಬಂದಾಗ ಹ್ಯಾಂಡಲ್ ಸ್ವತಂತ್ರವಾಗಿ ತಿರುಗಿ ಗಾಡಿಯನ್ನ ಸರಿಪಡಿಸಿಕೊಳ್ಳಬೇಕು, ಡ್ಯಾಂಪರ್ ಅದನ್ನೇ ಹಿಡಿದುಬಿಡುತ್ತೆ. ಹಾಗಾಗಿ "ಗಾಡಿ ತೂಗಾಡ್ತಿದೆ, ಡ್ಯಾಂಪರ್ ಇನ್ನೂ ನಾಲ್ಕು ಕ್ಲಿಕ್ ಟೈಟ್ ಮಾಡು" ಅನ್ನೋ ಸಲಹೆ ಕೆಲವೊಮ್ಮೆ ನೇರವಾಗಿ ತಪ್ಪು.

ದೊಡ್ಡ ಕಂಪನಿಯ ಉದಾಹರಣೆಯೂ ಇದೆ. ಸುಜುಕಿ 1997ರಲ್ಲಿ ಟಿಎಲ್1000ಎಸ್ ಅನ್ನೋ ವಿ-ಟ್ವಿನ್ ಬೈಕ್ ತಂದಿತು. ಟ್ಯಾಂಕ್ ಸ್ಲ್ಯಾಪರ್ ದೂರುಗಳು ಬಂದವು, ಕಂಪನಿ ಆಮೇಲೆ ಸ್ಟೀರಿಂಗ್ ಡ್ಯಾಂಪರ್ ಅಳವಡಿಸಿತು. ಆದರೆ ಆ ಗಾಡಿಯ ಬಗ್ಗೆ ಇನ್ನೊಂದು ದೂರು ಹಾಗೇ ಉಳೀತು, ಅದು ಹಿಂದಿನ ಸಸ್ಪೆನ್ಷನ್ ಬಗ್ಗೆ. ಅದರಲ್ಲಿ ಸ್ಪ್ರಿಂಗ್ ಬೇರೆ, ಸುತ್ತು ತಿರುಗೋ ರೋಟರಿ ಡ್ಯಾಂಪರ್ ಬೇರೆ ಇತ್ತು. ಅದು ಬಿಸಿಯಾಗಿ ಹಿಡಿತ ಬಿಡುತ್ತೆ ಅಂತ ಓಡಿಸೋರು ಹೇಳುತ್ತಿದ್ರು. ಎಷ್ಟೋ ಜನ ಅದನ್ನ ಕಿತ್ತು ಸಾಮಾನ್ಯ ಶಾಕ್ ಹಾಕಿಸಿಕೊಂಡ್ರು. ಹಿಂದಿನ ಸಮಸ್ಯೆ ಮುಂದಿನ ಹ್ಯಾಂಡಲ್‌ನಲ್ಲಿ ಕಾಣಿಸಿಕೊಳ್ಳಬಹುದು ಅನ್ನೋದು ಇದರಿಂದ ಕಲಿಯೋ ಪಾಠ.

ಮೊದಲು ಆಡಿಟ್, ಆಮೇಲೆ ಡ್ಯಾಂಪರ್

ಹೋದ ವರ್ಷ ಒಬ್ಬ ಗೆಳೆಯ ಫೋನ್ ಮಾಡಿದ. "ಮಗಾ, ಡ್ಯಾಂಪರ್ ಲೀಕ್ ಆಗ್ತಿದೆ ಕಣೋ, ಸೀಲ್ ಹಾಕ್ಕೊಡು. ಶನಿವಾರ ಬೆಳಿಗ್ಗೆ ಹುಬ್ಬಳ್ಳಿಗೆ ಹೊರಡ್ಬೇಕು." ಸೆಕೆಂಡ್ ಹ್ಯಾಂಡ್ ಗಾಡಿ. ಡ್ಯಾಂಪರ್ ಹಾಕಿಸಿದ್ದು ಹಿಂದಿನ ಮಾಲೀಕ. ಇವನು ತಗೊಂಡಾಗಿನಿಂದ ಅದರ ಮೇಲೇ ಓಡಿಸ್ತಿದ್ದ.

ಡ್ಯಾಂಪರ್ ಕಳಚಿ ಬೆಂಚಿನ ಮೇಲಿಟ್ವಿ. ಗಾಡಿಯ ಮುಂದಿನ ಚಕ್ರ ನೆಲ ಬಿಟ್ಟು ಮೇಲೇಳೋ ಹಾಗೆ ಸ್ಟ್ಯಾಂಡ್ ಹಾಕಿದ್ವಿ. ಒಂದೇ ಬೆರಳಲ್ಲಿ ಹ್ಯಾಂಡಲ್‌ನ ಎಡದಿಂದ ಬಲಕ್ಕೆ ತಳ್ಳಿದೆ. ಸರಿಯಾಗಿ ನೇರ ಬಂದ ಜಾಗದಲ್ಲಿ ಟಕ್ ಅಂತ ಕೂತುಬಿಡ್ತು. ಗುಂಡಿಯಲ್ಲಿ ಗೋಲಿ ಬಿದ್ದ ಹಾಗೆ. ಕೋನ್‌ಸೆಟ್‌ನ ರೇಸ್‌ಗಳಲ್ಲಿ ಬಾಲ್ ಕೂತು ಕೂತು ತಗ್ಗು ಬಿದ್ದಿತ್ತು. ಆಮೇಲೆ ಫೋರ್ಕ್‌ನ ಕೆಳಭಾಗ ಹಿಡಿದು ಹಿಂದೆ ಮುಂದೆ ಎಳೆದ್ರೆ ಕಟಕಟ ಅಂತ ಆಟ ಬೇರೆ. ಗೆಳೆಯ ನೋಡ್ತಾ ನಿಂತಿದ್ದ. "ಡ್ಯಾಂಪರ್ ಇದ್ದಾಗ ಇದೇನೂ ಗೊತ್ತಾಗ್ತಾನೇ ಇರ್ಲಿಲ್ವಲ್ಲೋ" ಅಂದ. ಗೊತ್ತಾಗಲ್ಲ, ಅದೇ ಅದರ ಅಪಾಯ. ಸೀಲ್ ಸೋರದೇ ಇದ್ದಿದ್ರೆ ಅವನು ಆ ಕೋನ್‌ಸೆಟ್ ಮೇಲೆ ನಾನೂರು ಕಿಲೋಮೀಟರ್ ಹೋಗ್ತಿದ್ದ. ಆ ಶನಿವಾರ ಅವನು ಬಸ್ಸಲ್ಲಿ ಹುಬ್ಬಳ್ಳಿಗೆ ಹೋದ. ಗಾಡಿಗೆ ಸೋಮವಾರ ಹೊಸ ಕೋನ್‌ಸೆಟ್ ಬಿತ್ತು.

ಹಾಗಾಗಿ ಡ್ಯಾಂಪರ್ ಬಿಚ್ಚೋಕೆ ಮುಂಚೆ ಈ ಪಟ್ಟಿ ಮುಗಿಸಿ. ಡ್ಯಾಂಪರ್ ಕಳಚಿಟ್ಟೇ ಮಾಡಬೇಕು, ಇಲ್ಲದಿದ್ರೆ ಅದು ಉತ್ತರ ಮುಚ್ಚಿಡುತ್ತೆ.

ಒಂದು, ಕೋನ್‌ಸೆಟ್. ಈಗ ಹೇಳಿದ ಎರಡು ಪರೀಕ್ಷೆ: ಮಧ್ಯದಲ್ಲಿ ಕಚ್ಚುತ್ತಾ, ಹಿಂದೆ ಮುಂದೆ ಆಟ ಇದೆಯಾ. ಎರಡು, ಟೈರ್. ಗಾಳಿ ಎಷ್ಟಿದೆ, ಮೇಲ್ಮೈ ಅಲೆಅಲೆಯಾಗಿ ಸವೆದಿದೆಯಾ, ರಿಮ್ ಮೇಲೆ ಸುತ್ತಲೂ ಸಮನಾಗಿ ಕೂತಿದೆಯಾ. ಮೂರು, ಚಕ್ರದ ಬೇರಿಂಗ್. ಟೈರ್‌ನ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ನಾಲ್ಕು, ಹಿಂದಿನ ಸ್ವಿಂಗ್ ಆರ್ಮ್‌ನ ಬುಷ್. ಪಕ್ಕಕ್ಕೆ ತಳ್ಳಿದಾಗ ಅಲ್ಲಾಡಬಾರದು. ಐದು, ಚೈನ್ ಅಡ್ಜಸ್ಟರ್‌ನ ಗುರುತು ಎರಡೂ ಕಡೆ ಒಂದೇ ಇದೆಯಾ. ಇಲ್ಲದಿದ್ರೆ ಹಿಂದಿನ ಚಕ್ರವೇ ಓರೆಯಾಗಿರುತ್ತೆ. ಆರು, ಲಗೇಜು. ಹಿಂದೆ, ಎತ್ತರದಲ್ಲಿ ಭಾರ ಇದ್ದಷ್ಟೂ ಮುಂದಿನ ಚಕ್ರ ಹಗುರ.

ಇವೆಲ್ಲ ಸರಿ ಇದ್ದು, ಕೆಟ್ಟ ರಸ್ತೆಯಲ್ಲಿ ಥ್ರಾಟಲ್ ಕೊಟ್ಟಾಗ ಹ್ಯಾಂಡಲ್ ಸ್ವಲ್ಪ ತಲೆ ಅಲ್ಲಾಡಿಸುತ್ತೆ ಅಂದ್ರೆ, ಅದು ಡ್ಯಾಂಪರ್‌ನ ನಿಜವಾದ ಕೆಲಸ. ಈಗ ಬಿಚ್ಚೋಣ.

ಯಾವುದನ್ನ ಬಿಚ್ಚಬಹುದು, ಯಾವುದನ್ನ ಮುಟ್ಟಬಾರದು

ಎರಡು ತುದಿಯಲ್ಲೂ ಸರ್ಕ್ಲಿಪ್ ಅಥವಾ ಥ್ರೆಡ್ ಇರೋ ಮುಚ್ಚಳ ಕಂಡ್ರೆ ಬಿಚ್ಚಬಹುದು. ತುದಿಯನ್ನ ಮಡಚಿ ಒತ್ತಿ ಮುಚ್ಚಿದ್ರೆ ಅದನ್ನ ಬಿಚ್ಚೋಕೆ ಅಂತ ಮಾಡಿಲ್ಲ, ಬಿಟ್ಟುಬಿಡಿ. ಗ್ಯಾಸ್ ತುಂಬೋ ವಾಲ್ವ್ ಇದ್ರೆ, ನೈಟ್ರೋಜನ್ ಅಂತ ಬರೆದಿದ್ರೆ, ಅದರೊಳಗೆ ಒತ್ತಡ ಇರುತ್ತೆ. ಮನೇಲಿ ಬಿಚ್ಚಲೇಬೇಡಿ, ಮುಚ್ಚಳ ಗುಂಡಿನ ಹಾಗೆ ಹಾರುತ್ತೆ. ಇನ್ನು ಎಲೆಕ್ಟ್ರಾನಿಕ್ ಡ್ಯಾಂಪರ್‌ಗಳು. 2004ರ ಹೋಂಡಾ ಸಿಬಿಆರ್1000ಆರ್‌ಆರ್‌ನಲ್ಲಿ ಬಂದ ಹಾಗಿನವು, ವೇಗಕ್ಕೆ ತಕ್ಕಂತೆ ತಾವೇ ಬಿಗಿಯಾಗೋವು. ಅವು ನಮ್ಮ ಬೆಂಚಿನ ಕೆಲಸ ಅಲ್ಲ.

ನಾನು ಇವತ್ತು ಹೇಳ್ತಿರೋದು ಆಚೆಯಿಂದ ತಂದು ಹಾಕಿಸೋ ಸಾಮಾನ್ಯ ಉದ್ದ ಡ್ಯಾಂಪರ್ ಬಗ್ಗೆ. ಒಂದೇ ರಾಡ್ ಎರಡೂ ತುದಿಯಿಂದ ಹೊರಗೆ ಬರುತ್ತೆ, ಮೇಲೆ ಕ್ಲಿಕ್ ಅಡ್ಜಸ್ಟರ್ ಇರುತ್ತೆ. ರಾಡ್ ಎರಡೂ ಕಡೆ ಯಾಕೆ ಬರುತ್ತೆ ಗೊತ್ತಾ? ಒಂದೇ ಕಡೆ ಇದ್ರೆ, ರಾಡ್ ಒಳಗೆ ಹೋದಷ್ಟೂ ಅದು ಆಯಿಲ್‌ನ ಜಾಗ ತಿನ್ನುತ್ತೆ. ಆಯಿಲ್ ಕುಗ್ಗಲ್ಲ, ಹಾಗಾಗಿ ಎಲ್ಲಾದ್ರೂ ಹೋಗೋಕೆ ಜಾಗ ಬೇಕು. ಎರಡೂ ಕಡೆ ರಾಡ್ ಇದ್ರೆ ಒಂದು ಕಡೆ ಒಳಗೆ ಹೋದಷ್ಟೇ ಇನ್ನೊಂದು ಕಡೆ ಹೊರಗೆ. ಲೆಕ್ಕ ಸಮ. ಡೆಬಿಟ್ಟೂ ಕ್ರೆಡಿಟ್ಟೂ ತಾಳೆ.

ಬಿಚ್ಚೋಕೆ ಮುಂಚೆ ಒಂದು ಪರೀಕ್ಷೆ. ಅಡ್ಜಸ್ಟರ್‌ನ ನಿಧಾನಕ್ಕೆ ಪೂರ್ತಿ ಮುಚ್ಚಿ, ಎಷ್ಟು ಕ್ಲಿಕ್ ಅಂತ ಬರೆದಿಟ್ಕೊಳ್ಳಿ. ರಾಡ್‌ನ ಕೈಯಲ್ಲಿ ತಳ್ಳಿ, ಎಳೀರಿ. ದಿಕ್ಕು ಬದಲಿಸಿದ ತಕ್ಷಣ ಕೆಲವು ಮಿಲಿಮೀಟರ್ ಯಾವ ತಡೆಯೂ ಇಲ್ಲದೆ ಸರ್ರನೆ ಹೋಗುತ್ತಾ? ಒಳಗೆ ಗಾಳಿ ಸೇರಿದೆ ಅಂತ ಅರ್ಥ. ಆಯಿಲ್ ಸೋರಿದ ಜಾಗಕ್ಕೆ ಗಾಳಿ ಬರುತ್ತೆ, ಗಾಳಿ ಕುಗ್ಗುತ್ತೆ. ವಾಬಲ್ ಶುರುವಾಗೋದು ಅಷ್ಟೇ ಸಣ್ಣ ಚಲನೆಯಲ್ಲಿ. ಅಂದ್ರೆ ಡ್ಯಾಂಪರ್ ಬೇಕಾದ ಗಳಿಗೆಯಲ್ಲೇ ಅದು ರಜೆ ಮೇಲಿರುತ್ತೆ. ಸ್ವಲ್ಪ ಸೋರಿದ್ರೆ ಏನಾಯ್ತು ಅನ್ನೋರಿಗೆ ಇದೇ ಉತ್ತರ.

ಬಿಚ್ಚೋದು, ನೋಡೋದು, ಅಳೆಯೋದು

ಸಾಮಾನು ಇಷ್ಟು: ಸರ್ಕ್ಲಿಪ್ ಪ್ಲಯರ್, ಒಂದು ವೈಸ್, ವೈಸ್‌ನ ಹಲ್ಲು ತಾಗದಂತೆ ಎರಡು ತುಂಡು ಅಲ್ಯೂಮಿನಿಯಂ ಆಂಗಲ್, ವರ್ನಿಯರ್, ನೂಲು ಬಿಡದ ಬಟ್ಟೆ, ಸೀಲ್ ಕೀಳೋಕೆ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿ. ಸ್ಕ್ರೂಡ್ರೈವರ್ ತುದಿ ಹಾಕಿ ಸೀಲ್ ಎಬ್ಬಿಸಬೇಡಿ. ಸೀಲ್ ಹೇಗೂ ಬಿಸಾಕೋದೇ, ಆದರೆ ಅದು ಕೂರೋ ಗೂಡಿಗೆ ಗೀರು ಬಿದ್ರೆ ಹೊಸ ಸೀಲೂ ಸೋರುತ್ತೆ.

ಮೊದಲು ಹೊರಗಿನಿಂದ ಪೂರ್ತಿ ಸ್ವಚ್ಛ ಮಾಡಿ. ತುದಿಯ ಕೀಲು ಎಷ್ಟು ಸುತ್ತು ಒಳಗಿದೆ ಅಂತ ಎಣಿಸಿ ಬಿಚ್ಚಿ. ಮುಚ್ಚಳವನ್ನ ಸ್ವಲ್ಪ ಒಳಕ್ಕೆ ತಳ್ಳಿದ್ರೆ ಸರ್ಕ್ಲಿಪ್ ಸಡಿಲ ಆಗುತ್ತೆ, ತೆಗೆಯಿರಿ. ಕನ್ನಡಕ ಹಾಕ್ಕೊಳ್ಳಿ, ಸರ್ಕ್ಲಿಪ್ ಎಲ್ಲಿ ಹಾರುತ್ತೆ ಅಂತ ಹೇಳೋಕಾಗಲ್ಲ. ರಾಡ್‌ನ ನಿಧಾನಕ್ಕೆ ಎಳೆದ್ರೆ ಪಿಸ್ಟನ್ ಜೊತೆಗೆ ಮುಚ್ಚಳವೂ ಹೊರಗೆ ಬರುತ್ತೆ. ಒಂದೊಂದು ಭಾಗ ತೆಗೆದಾಗಲೂ ಫೋನ್‌ನಲ್ಲಿ ಫೋಟೋ ತೆಗೀರಿ. ಸೀಲ್‌ನ ಮುಖ ಯಾವ ಕಡೆ ಇತ್ತು ಅನ್ನೋದು ಆಮೇಲೆ ನೆನಪಿರಲ್ಲ. ಒಳಗೆ ಚಿಕ್ಕ ಸ್ಪ್ರಿಂಗ್, ಚಿಕ್ಕ ಪಿಸ್ಟನ್ ಇರೋ ಇನ್ನೊಂದು ಸಣ್ಣ ಕೋಣೆ ಸಿಕ್ಕಿದ್ರೆ ಅದನ್ನ ಹಾಗೇ ವಾಪಸ್ ಹಾಕಬೇಕು. ಅದು ಯಾಕಂತ ಆಮೇಲೆ ಹೇಳ್ತೀನಿ.

ಈಗ ಮುಖ್ಯ ತೀರ್ಮಾನ, ರಾಡ್. ಸೀಮೆಎಣ್ಣೆಯಲ್ಲೋ ಸ್ಪಿರಿಟ್‌ನಲ್ಲೋ ಒರೆಸಿ, ಬೆಳಕಿಗೆ ಹಿಡಿದು, ಉಗುರನ್ನ ಉದ್ದಕ್ಕೂ ಎಳೀರಿ. ಉಗುರು ಎಲ್ಲೂ ಸಿಕ್ಕಬಾರದು. ಕ್ರೋಮ್ ಮೇಲೆ ತುಕ್ಕಿನ ಚುಕ್ಕಿ ತಿಂದು ಗುಳಿ ಬಿದ್ದಿದ್ರೆ, ಆ ಗುಳಿ ಪ್ರತಿ ಸಲ ಸೀಲ್ ದಾಟುವಾಗಲೂ ಸೀಲ್‌ನ ತುಟಿಯನ್ನ ಕೆರೆಯುತ್ತೆ. ಎಂಥಾ ಹೊಸ ಸೀಲ್ ಹಾಕಿದ್ರೂ ಹೆಚ್ಚು ದಿನ ಬಾಳಲ್ಲ. ಅಂಥ ರಾಡ್‌ಗೆ ಹೊಸ ರಾಡ್ ಅಥವಾ ಹಾರ್ಡ್ ಕ್ರೋಮ್ ಮಾಡಿಸೋದೇ ದಾರಿ. ಎರಡೂ ಆಗದಿದ್ರೆ ಡ್ಯಾಂಪರ್ ಅಲ್ಲಿಗೆ ಮುಗೀತು ಅಂತ ಒಪ್ಪಿಕೊಳ್ಳಿ. ರಾಡ್ ಬಗ್ಗಿದ್ರೂ ಅಷ್ಟೇ. ಗಾಜಿನ ಮೇಲೆ ಉರುಳಿಸಿ ನೋಡಿ, ಗೊತ್ತಾಗುತ್ತೆ.

ರಾಡ್ ಚೆನ್ನಾಗಿದ್ರೆ ಸೀಲ್ ಹುಡುಕಾಟ. ಇಂಥ ಡ್ಯಾಂಪರ್‌ಗಳಿಗೆ ರಿಪೇರಿ ಕಿಟ್ ಸಿಗೋದು ಕಷ್ಟ, ಆದರೆ ಒಳಗಿನ ಸೀಲ್ ಎಷ್ಟೋ ಸಲ ಎಲ್ಲ ಕಡೆ ಸಿಗೋ ಅಳತೆಯದ್ದೇ ಆಗಿರುತ್ತೆ. ಸೀಲ್‌ಗೆ ಮೂರು ಅಳತೆ: ಒಳವ್ಯಾಸ, ಹೊರವ್ಯಾಸ, ದಪ್ಪ. ಓ-ರಿಂಗ್‌ಗೆ ಎರಡು: ಒಳವ್ಯಾಸ, ರಬ್ಬರಿನ ದಪ್ಪ. ಹಳೇ ಸೀಲ್ ಹಿಗ್ಗಿರುತ್ತೆ, ಅದರ ಅಳತೆ ಒಂದನ್ನೇ ನಂಬಬೇಡಿ. ರಾಡ್‌ನ ವ್ಯಾಸ, ಗೂಡಿನ ವ್ಯಾಸ ಮತ್ತು ಆಳ ಅಳೆದು ಬರ್ಕೊಂಡು ಹೋಗಿ. ಬೆಂಗಳೂರಿನವರಾದ್ರೆ ಜೆ.ಸಿ. ರಸ್ತೆ ಕಡೆ ವಿಚಾರಿಸಿ. ಬೇರೆ ಊರಲ್ಲಿ ಜೆಸಿಬಿ, ಟ್ರ್ಯಾಕ್ಟರ್‌ಗಳ ಹೈಡ್ರಾಲಿಕ್ ರಿಪೇರಿ ಮಾಡೋರ ಹತ್ತಿರ ಕೇಳಿ, ಅವರಿಗೆ ಇದು ದಿನನಿತ್ಯದ ಕೆಲಸ. "ಅಣ್ಣಾ, ಹೈಡ್ರಾಲಿಕ್ ಆಯಿಲ್‌ಗೆ, ನೈಟ್ರೈಲ್ ರಬ್ಬರ್‌ದು ಕೊಡಿ" ಅನ್ನಿ. ಗಾತ್ರ ಹತ್ತಿರ ಇದೆ ಅಂತ ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆ ಒಪ್ಪಬೇಡಿ.

ಆಯಿಲ್ ಮತ್ತು ಗಾಳಿ

ಆಯಿಲ್ ವಿಷಯದಲ್ಲಿ, ಡ್ಯಾಂಪರ್ ಮಾಡಿದವರು ಏನು ಹೇಳಿದ್ದಾರೋ ಅದೇ ಹಾಕಿ. ಏನೂ ಹೇಳದಿದ್ರೆ ತೆಳು ಫೋರ್ಕ್ ಆಯಿಲ್‌ನಿಂದ ಶುರು ಮಾಡಿ. ಡಬ್ಬದ ಮೇಲಿನ 5ಡಬ್ಲ್ಯೂ, 10ಡಬ್ಲ್ಯೂ ಅನ್ನೋ ಅಂಕಿ ಕಂಪನಿಯಿಂದ ಕಂಪನಿಗೆ ಬೇರೆ ಬೇರೆ ಅರ್ಥ ಕೊಡುತ್ತೆ. ನಿಜವಾಗಿ ಹೋಲಿಸಬೇಕಾದ್ದು 40 ಡಿಗ್ರಿಯಲ್ಲಿ ಅದರ ಸ್ನಿಗ್ಧತೆ ಎಷ್ಟು ಅನ್ನೋ ಅಂಕಿ, ಅದು ಕಂಪನಿಯ ಡೇಟಾ ಶೀಟ್‌ನಲ್ಲಿ ಇರುತ್ತೆ. ಎಂಜಿನ್ ಆಯಿಲ್ ಬೇಡ. ಬ್ರೇಕ್ ಆಯಿಲ್ ಅಂತೂ ಬೇಡವೇ ಬೇಡ. ಡಾಟ್ 3, ಡಾಟ್ 4 ದ್ರವಗಳು ಗ್ಲೈಕಾಲ್ ಜಾತಿಯವು, ನೈಟ್ರೈಲ್ ರಬ್ಬರ್ ಉಬ್ಬಿ ಹಾಳಾಗುತ್ತೆ.

ಜೋಡಿಸುವಾಗ ಎರಡು ಎಚ್ಚರ. ಸೀಲ್‌ನ ತೆರೆದ ತುಟಿ ಆಯಿಲ್ ಇರೋ ಕಡೆ ನೋಡಬೇಕು, ಒತ್ತಡ ಬಂದಾಗ ಅದು ಅಗಲವಾಗಿ ರಾಡ್‌ಗೆ ಅಂಟಿಕೊಳ್ಳಲಿ ಅಂತ. ಇನ್ನೊಂದು, ರಾಡ್‌ನ ತುದಿಯ ಥ್ರೆಡ್ ಬ್ಲೇಡ್ ಇದ್ದ ಹಾಗೆ. ಅದರ ಮೇಲೆ ಟೇಪ್ ಸುತ್ತಿ, ಆಯಿಲ್ ಸವರಿ, ಆಮೇಲೆ ಸೀಲ್ ದಾಟಿಸಿ. ಒಣ ಸೀಲ್ ಯಾವತ್ತೂ ತುರುಕಬೇಡಿ.

ಈಗ ತಾಳ್ಮೆ ಬೇಕಾದ ಭಾಗ, ಗಾಳಿ ತೆಗೆಯೋದು. ಒಂದು ಕಡೆ ಮುಚ್ಚಿ, ಸಿಲಿಂಡರ್ ನೆಟ್ಟಗೆ ನಿಲ್ಲಿಸಿ, ಅಡ್ಜಸ್ಟರ್ ಪೂರ್ತಿ ತೆರೆದಿಟ್ಟು ಅಂಚಿನವರೆಗೂ ಆಯಿಲ್ ತುಂಬಿ. ಪಿಸ್ಟನ್‌ನ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ. ಜೋರಾಗಿ ಆಡಿಸಿದ್ರೆ ಆಯಿಲ್ ನೊರೆಯಾಗುತ್ತೆ, ಮಜ್ಜಿಗೆ ಕಡೆದ ಹಾಗೆ. ಗುಳ್ಳೆ ಮೇಲೆ ಬರುತ್ತೆ, ನಿಲ್ಲಿಸಿ, ಕಾಯಿರಿ, ಮತ್ತೆ ತುಂಬಿ. ನಾನು ರಾತ್ರಿ ಹಾಗೇ ಮುಚ್ಚಿಟ್ಟು ಬೆಳಿಗ್ಗೆ ಮುಗಿಸ್ತೀನಿ. ಕೊನೆಯ ಮುಚ್ಚಳ ಹಾಕೋದನ್ನ ಒಂದು ಅಗಲ ಪಾತ್ರೆಯಲ್ಲಿ, ಆಯಿಲ್‌ನೊಳಗೆ ಮುಳುಗಿಸಿಯೇ ಮಾಡಿದ್ರೆ ಗಾಳಿ ಸೇರೋ ಸಾಧ್ಯತೆ ತುಂಬಾ ಕಡಿಮೆ.

ಆ ಸಣ್ಣ ಕೋಣೆಯ ವಿಷಯ ಈಗ. ಆಯಿಲ್ ಪ್ರತಿ ಡಿಗ್ರಿಗೆ ಸುಮಾರು ಶೇಕಡಾ 0.07ರಷ್ಟು ಹಿಗ್ಗುತ್ತೆ. 50 ಮಿಲಿಲೀಟರ್ ಆಯಿಲ್ 30 ಡಿಗ್ರಿ ಬಿಸಿಯಾದ್ರೆ ಸುಮಾರು ಒಂದು ಮಿಲಿಲೀಟರ್ ಹೆಚ್ಚಾಗುತ್ತೆ. ಬೆಳಿಗ್ಗೆ ತಂಪಿನಲ್ಲಿ ತುಂಬಿದ ಡ್ಯಾಂಪರ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಗಾಡಿಯ ಮೇಲಿದ್ರೆ ಆ ಒಂದು ಮಿಲಿಲೀಟರ್ ಎಲ್ಲಿಗೆ ಹೋಗಬೇಕು? ಕೋಣೆ ಇದ್ರೆ ಅದರೊಳಗಿನ ಸ್ಪ್ರಿಂಗ್ ಒತ್ತಿಕೊಂಡು ಜಾಗ ಕೊಡುತ್ತೆ. ಕೋಣೆಯನ್ನ ಜಾಮ್ ಮಾಡಿಬಿಟ್ರೆ ಸೀಲ್‌ನ ತಳ್ಳಿಕೊಂಡು ಆಚೆ ಬರುತ್ತೆ. "ಹೊಸ ಸೀಲ್ ಹಾಕಿದ್ದೆ, ಒಂದೇ ವಾರಕ್ಕೆ ಸೋರ್ತು" ಅನ್ನೋ ಕಥೆಗಳ ಹಿಂದೆ ಇದೂ ಒಂದು ಕಾರಣ.

ಗಾಡಿಗೆ ಹಾಕೋಕೆ ಮುಂಚೆ, ಹಾಕಿದ ಮೇಲೆ

ಬೆಂಚಿನ ಮೇಲೆ ಮತ್ತೆ ಅದೇ ಪರೀಕ್ಷೆ. ಒಂದೊಂದು ಕ್ಲಿಕ್‌ಗೂ ತಡೆ ಹೆಚ್ಚಾಗಬೇಕು. ದಿಕ್ಕು ಬದಲಿಸಿದ ಕ್ಷಣದಿಂದಲೇ ತಡೆ ಸಿಗಬೇಕು, ಸರ್ರನೆ ಜಾರೋ ಜಾಗ ಇರಬಾರದು. ಇದ್ರೆ ಗಾಳಿ ಇದೆ, ಮತ್ತೆ ಬಿಚ್ಚಿ. ಆಮೇಲೆ ರಾಡ್ ಒರೆಸಿ, ನೆಟ್ಟಗೆ ನಿಲ್ಲಿಸಿ, ಕೆಳಗೆ ಪೇಪರ್ ಹಾಕಿ ಒಂದು ರಾತ್ರಿ ಬಿಡಿ. ಮರುದಿನ ತಲೆಕೆಳಗು ಮಾಡಿ ಇನ್ನೊಂದು ರಾತ್ರಿ. ಪೇಪರ್ ಮೇಲೆ ಎಣ್ಣೆಯ ಕಲೆ ಇಲ್ಲ ಅಂದ್ರೆ ಪಾಸ್.

ಗಾಡಿಗೆ ಹಾಕಿದ ಮೇಲೆ ಹ್ಯಾಂಡಲ್‌ನ ಎಡ ಕೊನೆಯಿಂದ ಬಲ ಕೊನೆಗೆ ತಿರುಗಿಸಿ. ಹ್ಯಾಂಡಲ್ ನಿಲ್ಲಬೇಕಾದ್ದು ಫ್ರೇಮ್‌ನ ಸ್ಟಾಪರ್‌ಗೆ ತಾಗಿ, ಡ್ಯಾಂಪರ್‌ನ ರಾಡ್ ಮುಗಿದು ಅಲ್ಲ. ಎರಡೂ ಕೊನೆಯಲ್ಲಿ ರಾಡ್‌ಗೆ ಇನ್ನೂ ಕೆಲವು ಮಿಲಿಮೀಟರ್ ಉಳಿದಿರಬೇಕು. ಕೇಬಲ್, ಬ್ರೇಕ್ ಹೋಸ್ ಎಲ್ಲೂ ಸಿಕ್ಕಬಾರದು. ಮುಂದಿನ ಚಕ್ರ ಎತ್ತಿ, ಡ್ಯಾಂಪರ್ ಅತಿ ಸಡಿಲದಲ್ಲಿಟ್ಟು ಹ್ಯಾಂಡಲ್‌ನ ಮೆಲ್ಲಗೆ ತಳ್ಳಿ ಬಿಟ್ರೆ ಅದು ತಾನಾಗಿ ಪಕ್ಕಕ್ಕೆ ಬೀಳಬೇಕು.

ಓಡಿಸೋದು ಅತಿ ಸಡಿಲ ಸೆಟ್ಟಿಂಗ್‌ನಿಂದಲೇ ಶುರು ಮಾಡಿ. ಬೇಕು ಅನಿಸಿದ್ರೆ ಒಂದೊಂದೇ ಕ್ಲಿಕ್ ಹೆಚ್ಚಿಸಿ. ಟ್ರಾಫಿಕ್‌ನಲ್ಲಿ ನಿಧಾನಕ್ಕೆ ಹೋಗುವಾಗ ನಾವು ಸಣ್ಣ ಸಣ್ಣದಾಗಿ ಹ್ಯಾಂಡಲ್ ಆಡಿಸಿಯೇ ಬ್ಯಾಲೆನ್ಸ್ ಮಾಡೋದು. ಡ್ಯಾಂಪರ್ ಬಿಗಿಯಾಗಿದ್ರೆ ಅದೇ ಕಷ್ಟ ಆಗಿ ಗಾಡಿ ಕುಡಿದವರ ಹಾಗೆ ಹೋಗುತ್ತೆ. ಬಿಗಿ ಇದ್ದಷ್ಟೂ ಸುರಕ್ಷಿತ ಅನ್ನೋದು ಸುಳ್ಳು.

ಖರ್ಚಿನ ಲೆಕ್ಕ

ಗೆಳೆಯನ ಡ್ಯಾಂಪರ್‌ನ ಲೆಕ್ಕ ಹೇಳಿಬಿಡ್ತೀನಿ. ಸೀಲ್ ಮತ್ತು ಓ-ರಿಂಗ್ 240 ರೂಪಾಯಿ. ಒಂದು ಲೀಟರ್ ಫೋರ್ಕ್ ಆಯಿಲ್ 780. ಸರ್ಕ್ಲಿಪ್ ಪ್ಲಯರ್ 350. ಆಂಗಲ್, ಸ್ಪಿರಿಟ್, ಬಟ್ಟೆ ಎಲ್ಲ ಸೇರಿ 130. ಒಟ್ಟು 1,500. ಆದರೆ ಪ್ಲಯರ್ ಬಂಡವಾಳ ವೆಚ್ಚ, ಇನ್ನೂ ವರ್ಷಗಟ್ಟಲೆ ಬರುತ್ತೆ. ಆಯಿಲ್‌ನಲ್ಲಿ ತೊಳೆಯೋದಕ್ಕೂ ತುಂಬೋದಕ್ಕೂ ಸೇರಿ ಖರ್ಚಾಗಿದ್ದು 100 ಮಿಲಿಲೀಟರ್, ಅಂದ್ರೆ 78 ರೂಪಾಯಿ. ಹಾಗಾಗಿ ಈ ಡ್ಯಾಂಪರ್‌ಗೆ ನಿಜವಾಗಿ ಬಿದ್ದಿದ್ದು 448 ರೂಪಾಯಿ, ಜೊತೆಗೆ ಎರಡು ಸಂಜೆ.

ಕೋನ್‌ಸೆಟ್‌ನ ಖರ್ಚನ್ನ ನಾನು ಇದರಲ್ಲಿ ಸೇರಿಸಿಲ್ಲ, ಗಮನಿಸಿ. ಅದು ಬೇರೆ ಖಾತೆ. ಆ ಖರ್ಚು ಹಿಂದಿನ ಮಾಲೀಕನ ಕಾಲದಿಂದಲೇ ಇತ್ತು. ಡ್ಯಾಂಪರ್ ಅದನ್ನ ಮುಂದಕ್ಕೆ ತಳ್ಳಿಕೊಂಡು ಬಂದಿತ್ತು ಅಷ್ಟೇ. ಸೆಕೆಂಡ್ ಹ್ಯಾಂಡ್ ಗಾಡಿ ನೋಡೋಕೆ ಹೋದಾಗ ಡ್ಯಾಂಪರ್ ಕಂಡ್ರೆ "ವಾವ್, ಎಕ್ಸ್‌ಟ್ರಾ ಫಿಟ್ಟಿಂಗ್" ಅಂತ ಖುಷಿಪಡೋಕೆ ಮುಂಚೆ, ಅದನ್ನ ಕಳಚಿ ಒಂದು ರೌಂಡ್ ನಿಧಾನಕ್ಕೆ ಓಡಿಸ್ತೀನಿ ಅನ್ನಿ. ಮಾರೋರು ಹಿಂದೆಮುಂದೆ ನೋಡಿದ್ರೆ ಅದೂ ಒಂದು ಉತ್ತರವೇ.

ಕೊನೆಗೆ ಒಂದು ಮಾತು. ಓಡಿಸುವಾಗ ವಾಬಲ್ ಶುರುವಾದ್ರೆ ಹ್ಯಾಂಡಲ್ ಜೊತೆ ಕುಸ್ತಿ ಮಾಡಬೇಡಿ. ಮುಂದಿನ ಬ್ರೇಕ್ ಗಟ್ಟಿಯಾಗಿ ಹಿಡಿಯಬೇಡಿ. ಮಂಡಿಯಿಂದ ಟ್ಯಾಂಕ್ ಒತ್ತಿ ಹಿಡಿದು, ಮೈ ಸ್ವಲ್ಪ ಮುಂದಕ್ಕೆ ಬಾಗಿಸಿ, ಕೈ ಸಡಿಲ ಬಿಟ್ಟು, ಥ್ರಾಟಲ್ ಮೆಲ್ಲಗೆ ಇಳಿಸಿ. ಮನೆಗೆ ಬಂದ ಮೇಲೆ ಈ ಪಟ್ಟಿ ತೆಗೆದು ಒಂದೊಂದಾಗಿ ನೋಡಿ.

ಪ್ರಶ್ನೆ ಕಳಿಸಿದ ಗೆಳೆಯರಿಗೆ ನೇರ ಉತ್ತರ: ಬಿಚ್ಚಿ, ಸೀಲ್ ಹಾಕಿ, ಹೊಸದು ತಗೋಬೇಡಿ. ಆದರೆ ಡ್ಯಾಂಪರ್ ಬೆಂಚಿನ ಮೇಲಿರೋ ಆ ಎರಡು ದಿನದಲ್ಲಿ ಗಾಡಿಯ ಮುಂದಿನ ಚಕ್ರ ಎತ್ತಿ, ಒಂದೇ ಬೆರಳಲ್ಲಿ ಹ್ಯಾಂಡಲ್ ತಳ್ಳಿ ನೋಡಿ. ಏನು ಸಿಕ್ತು ಅಂತ ನನಗೂ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಕೋನ್‌ಸೆಟ್ ಬದಲಾಯಿಸೋದು ಹೇಗೆ ಅಂತ ಮಾತಾಡೋಣ. ಹುಷಾರಾಗಿ ಓಡಿಸಿ. ನಮಸ್ಕಾರ.